ಮೆಟ್ಟಿಲು ಹತ್ತಲಾರದ ನಮ್ಮ ಹಿರಿಯರು

ಶ್ರೀಕಾರ್ಯಂ: ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯಾದ ಸಿಒಪಿಡಿ ಇರುವ ಹಿರಿಯರು ಸಂಘದ ಕಾರ್ಯಕ್ರಮಗಳಿಗೆ ಬರುವುದನ್ನು ಒಬ್ಬೊಬ್ಬರಾಗಿ ನಿಲ್ಲಿಸುತ್ತಿದ್ದಾರೆ. ವಯಸ್ಸಾಯಿತೆಂದು ನಾವೂ ಸುಮ್ಮನಾಗುತ್ತೇವೆ. ಕಾರಣ ಬೇರೆಯೇ ಇದೆ. ನಡೆದರೆ ಏದುಸಿರು; ಅದಕ್ಕೆ ಹೆದರಿ ಕುಳಿತರೆ ಕಾಲಿನ ಸ್ನಾಯು ಸೊರಗುತ್ತದೆ; ಆಮೇಲೆ ನಾಲ್ಕು ಹೆಜ್ಜೆಗೇ ಉಸಿರು ಕಟ್ಟುತ್ತದೆ.

ರೋಗ ಪೂರ್ತಿ ಗುಣವಾಗದು. ಇನ್‌ಹೇಲರ್ ಉಸಿರಿನ ಕೊಳವೆಗಳನ್ನು ಸಡಿಲಿಸುತ್ತದೆ. ಸೊರಗಿದ ಕಾಲಿಗೆ ಬಲ ಬರುವುದು ತಜ್ಞರು ಕಲಿಸುವ ನಡಿಗೆ, ವ್ಯಾಯಾಮಗಳಿಂದ. ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನೂ ಅಲ್ಲೇ ಹೇಳಿಕೊಡುತ್ತಾರೆ. 2017ರಲ್ಲಿ ಆರಂಭವಾದ ಆರ್ದ್ರಂ ಮಿಷನ್‌ನಡಿ ಕೇರಳ ಸರ್ಕಾರವು ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ 'ಶ್ವಾಸ್' ಕ್ಲಿನಿಕ್‌ಗಳನ್ನು ತೆರೆದಿದೆ. ಪುಲಯನಾರ್‌ಕೋಟ್ಟದ ಸರ್ಕಾರಿ ಎದೆರೋಗ ಆಸ್ಪತ್ರೆಯೂ ನಮಗೆ ದೂರವಲ್ಲ.

ಬೀಡಿ ಸೇದಿದವರಿಗಷ್ಟೇ ಅಲ್ಲ, ಊರಿನಲ್ಲಿ ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ಅಮ್ಮಂದಿರಿಗೂ ಈ ರೋಗ ಬರುತ್ತದೆ. ಮಗನ ಮನೆಗೆ ಬಂದ ಅವರಿಗೆ ಮಲಯಾಳ ಅರೆಬರೆ. ಇನ್‌ಹೇಲರ್ ಎಳೆಯುವ ಕ್ರಮ ತಪ್ಪಿದರೆ ಔಷಧಿ ಬಾಯಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ತಿಳಿಹೇಳಲು ಜೊತೆಗೊಬ್ಬರು ಬೇಕು. ಟೆಕ್ನೋಪಾರ್ಕಿನ ನಮ್ಮ ಯುವಕರು ಸರದಿ ಹಾಕಿಕೊಂಡು ಹೋಗಬಾರದೇ?

ಮುಂದಿನ ರಾಜ್ಯೋತ್ಸವವನ್ನು ಮಹಡಿಯ ಮೇಲಲ್ಲದೆ ಕೆಳಗಿನ ಸಭಾಂಗಣದಲ್ಲಿ, ಧೂಪ-ಪಟಾಕಿ ಇಲ್ಲದೆ ನಡೆಸಲು ಕಾರ್ಯಕಾರಿ ಸಮಿತಿ ಯೋಚಿಸಲಿ. ಬಾಡಿಗೆ ಸ್ವಲ್ಪ ಹೆಚ್ಚಾದೀತು. ಲೆಕ್ಕ ಬರೆಯುವವನಾದ ನನಗೂ ಅದು ಗೊತ್ತು.