ಸ್ಕ್ರೂ ತಿರುಗಿಸೋದು ಕಟ್ಟಕಡೆಯ ಕೆಲಸ!

ಇಂಜಿನ್ ಸ್ಟಾರ್ಟ್ ಆಗ್ಲಿಲ್ಲ ಅಂದ ತಕ್ಷಣ ನಮ್ಮಲ್ಲಿ ಬಹಳ ಜನರ ಕೈ ಮೊದಲು ಹೋಗೋದು ಸ್ಕ್ರೂ ಡ್ರೈವರ್ ಕಡೆಗೆ. ಕಾರ್ಬುರೇಟರ್ ಮೇಲೆ ಎರಡೋ ಮೂರೋ ಸ್ಕ್ರೂ ಕಾಣುತ್ತಲ್ಲ, ತಿರುಗಿಸೋಕೆ ಅಂತಾನೇ ಇಟ್ಟ ಹಾಗೆ! ಒಂದನ್ನ ಅರ್ಧ ಸುತ್ತು ಬಲಕ್ಕೆ, ಇನ್ನೊಂದನ್ನ ಮುಕ್ಕಾಲು ಸುತ್ತು ಎಡಕ್ಕೆ, ಮತ್ತೆ ಹಗ್ಗ ಎಳಿ. ಬರಲಿಲ್ವಾ? ಇನ್ನೊಂದು ಸುತ್ತು. ಸಾಯಂಕಾಲದ ಹೊತ್ತಿಗೆ ರಟ್ಟೆ ನೋವು, ಇಂಜಿನ್ ಮೌನ, ಸ್ಕ್ರೂಗಳು ಮೊದಲು ಎಲ್ಲಿದ್ದವು ಅನ್ನೋದು ಆ ಶಿವನಿಗೇ ಗೊತ್ತು. ನನ್ನ ವಾದ ಇಷ್ಟೇ: ಸಣ್ಣ ಇಂಜಿನ್ ಕೆಟ್ಟಾಗ ಆ ಸ್ಕ್ರೂ ಮುಟ್ಟೋದು ಮೊದಲ ಕೆಲಸ ಅಲ್ಲ, ಕಟ್ಟಕಡೆಯ ಕೆಲಸ.

ಇದನ್ನ ಹೇಳೋಕೆ ನೀನ್ಯಾರಪ್ಪ ಅಂತ ಕೇಳಬಹುದು. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಬೆಂಗಳೂರಲ್ಲಿ ಸಾಫ್ಟ್‌ವೇರ್, ಊರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಹೌದು, ಕೃಷಿ ಸಂಶೋಧನಾ ಕೇಂದ್ರ ಇರೋ ಕತ್ತಲಗೆರೆನೇ. ನನಗೊಂದು ದುಬಾರಿ ಹುಚ್ಚಿದೆ: ರಿಮೋಟ್‌ನಲ್ಲಿ ಓಡೋ ನೈಟ್ರೋ ಟ್ರಕ್. ಮೊಳದುದ್ದದ ಆಟಿಕೆ, ಆದರೆ ಒಳಗಿರೋದು ನಿಜವಾದ ಟೂ ಸ್ಟ್ರೋಕ್ ಇಂಜಿನ್, 3 ಸಿಸಿ ಆಸುಪಾಸು. ಪೆಟ್ರೋಲ್ ಕುಡಿಯಲ್ಲ. ಮೆಥನಾಲ್, ನೈಟ್ರೋಮೀಥೇನ್, ಜೊತೆಗೆ ಆಯಿಲ್ ಬೆರೆಸಿದ ಇಂಧನ ಬೇಕು. ಆ ಆಯಿಲ್‌ನಲ್ಲಿ ಎಷ್ಟೋ ಸಲ ಹರಳೆಣ್ಣೆ ಇರುತ್ತೆ. ನಮ್ಮಜ್ಜಿ ತಲೆಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ! ಕ್ಯಾಸ್ಟ್ರಾಲ್ ಅನ್ನೋ ಹೆಸರು ಹುಟ್ಟಿದ್ದೂ ಅದರ ಇಂಗ್ಲಿಷ್ ಹೆಸರು ಕ್ಯಾಸ್ಟರ್ ಆಯಿಲ್‌ನಿಂದಲೇ.

ಊರಲ್ಲಿ ಈ ಟ್ರಕ್ ನೋಡೋಕೆ ಮಕ್ಕಳು ಬರ್ತಾರೆ, ದೊಡ್ಡವರು ನಗ್ತಾರೆ. ಆದರೆ ಇದರ ಅಣ್ಣ ಪ್ರತಿ ತೋಟದ ಮನೆಯಲ್ಲೂ ಗೋಡೆಗೆ ನೇತಾಡ್ತಾ ಇರುತ್ತೆ: ವೀಡ್ ಕಟರ್, ಅದೇ ಹುಲ್ಲು ಹೊಡೆಯೋ ಮಿಷನ್. ಈಗ ಫೋರ್ ಸ್ಟ್ರೋಕ್ ಮಿಷನ್‌ಗಳೂ ಬಂದಿವೆ, ನಾನು ಹೇಳ್ತಿರೋದು ಟೂ ಸ್ಟ್ರೋಕ್ ಬಗ್ಗೆ. ಭದ್ರಾ ನಾಲೆ ನೀರು, ಅಡಿಕೆ ತೋಟ, ಮಳೆಗಾಲ ಮೂರೂ ಸೇರಿದ್ರೆ ಹುಲ್ಲು ಕೇಳಬೇಕೇ? ಆಳು ಸಿಗೋದು ಕಷ್ಟ. ಅಂಥ ವಾರದಲ್ಲಿ ಮಿಷನ್ ಕೈ ಕೊಟ್ರೆ ನನ್ನ ಟ್ರಕ್ ಕೆಟ್ಟ ಹಾಗಲ್ಲ ಅದು. ನನ್ನದು ಕೆಟ್ರೆ ಭಾನುವಾರ ಹಾಳು, ಅವರದು ಕೆಟ್ರೆ ತೋಟ ಹಾಳು.

ಹೋದ ಮಳೆಗಾಲ ನಮ್ಮ ಚಿಕ್ಕಪ್ಪನ ಮಿಷನ್ ಹಿಂಗೇ ಆಯ್ತು. ಸ್ಟಾರ್ಟ್ ಆಗುತ್ತೆ, ಐದು ನಿಮಿಷ ಓಡುತ್ತೆ, ಉಸಿರು ಕಟ್ಟಿದ ಹಾಗೆ ನಿಂತು ಹೋಗುತ್ತೆ. ಒಬ್ಬರು ಪ್ಲಗ್ ಬದಲಾಯಿಸಿದ್ರು. ಇನ್ನೊಬ್ಬರು ಸ್ಕ್ರೂಗಳನ್ನೆಲ್ಲ ತಿರುಗಿಸಿದ್ರು. ಮೂರನೆಯವರು "ಬ್ಲಾಕ್ ಹೋಗೈತಿ, ಹೊಸಾದು ತಗಂಬಿಡಿ" ಅಂದ್ರು. ಚಿಕ್ಕಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಹೊಸ ಮಿಷನ್ ತರೋಕೆ ಹೊರಟೂ ಆಗಿತ್ತು. "ತಡೀರಿ ಚಿಕ್ಕಪ್ಪ, ನಿಂತ ಮೇಲೆ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ನೋಡೋಣ" ಅಂದೆ. ಸಡಿಲ ಮಾಡಿದ ಕೂಡಲೇ ಪುಸ್ ಅಂತ ಗಾಳಿ ಒಳಗೆ ಹೋದ ಸದ್ದು. ಎರಡು ಸಲ ಹಗ್ಗ ಎಳೆದ್ರು, ಶುರುವಾಯ್ತು. ಮುಚ್ಚಳದಲ್ಲಿ ಗಾಳಿ ಆಡೋಕೆ ಇರೋ ಸಣ್ಣ ತೂತು ಮಣ್ಣು ಕಟ್ಟಿ ಮುಚ್ಚಿತ್ತು, ಅಷ್ಟೇ. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ನಿರ್ವಾತ, ಐದು ನಿಮಿಷದಲ್ಲಿ ಇಂಜಿನ್‌ಗೆ ಉಪವಾಸ. ತೂತು ಬಿಡಿಸೋಕೆ ಎರಡು ನಿಮಿಷ ಸಾಕಾಯ್ತು. ತಿರುಗಿಸಿಟ್ಟಿದ್ದ ಸ್ಕ್ರೂಗಳನ್ನ ಮತ್ತೆ ಹದಕ್ಕೆ ತರೋಕೆ ಅರ್ಧ ದಿನ ಬೇಕಾಯ್ತು.

ಇಲ್ಲಿ ಜಾಣತನ ಏನೂ ಇಲ್ಲ, ಇರೋದು ಒಂದು ಕ್ರಮ. ಆಟಿಕೆಯಾಗಲಿ ಮಿಷನ್ ಆಗಲಿ ಕ್ರಮ ಒಂದೇ: ಇಂಧನ, ಕಿಡಿ, ಉಸಿರು, ಕಂಪ್ರೆಷನ್. ಈ ನಾಲ್ಕೂ ಸರಿ ಇದ್ದರೆ ಮಾತ್ರ ಸ್ಕ್ರೂ.

ಮೊದಲು ಇಂಧನ. ಪ್ಲಗ್ ಬಿಚ್ಚಿ ನೋಡಿ. ಹಗ್ಗ ಅಷ್ಟು ಎಳೆದ ಮೇಲೂ ಅದು ಒಣಗಿದ್ರೆ ಇಂಧನ ಬರ್ತಾ ಇಲ್ಲ: ಟ್ಯಾಂಕ್ ಒಳಗಿನ ಫಿಲ್ಟರ್, ಬಿರುಕು ಬಿಟ್ಟ ಪೈಪು, ಮುಚ್ಚಳದ ತೂತು ನೋಡಿ. ತೊಯ್ದು ತೊಪ್ಪೆಯಾಗಿದ್ರೆ ಜಾಸ್ತಿ ಬಂದಿದೆ: ಪ್ಲಗ್ ಹೊರಗಿಟ್ಟು ನಾಲ್ಕು ಸಲ ಹಗ್ಗ ಎಳೆದು ಒಣಗಿಸಿ. ನೈಟ್ರೋ ಟ್ರಕ್ಕಿನಲ್ಲಿ ಸೈಲೆನ್ಸರ್‌ನಿಂದ ಟ್ಯಾಂಕಿಗೆ ಒಂದು ಸಣ್ಣ ಪೈಪ್ ಹೋಗುತ್ತೆ, ಹೊಗೆಯ ಒತ್ತಡವೇ ಇಂಧನವನ್ನ ಮುಂದೆ ತಳ್ಳೋದು. ಆ ಪೈಪ್ ಸೋರಿದ್ರೂ ಉಪವಾಸವೇ.

ಇಂಧನ ಹಳೇದಾ ಅನ್ನೋದನ್ನೂ ಕೇಳಿಕೊಳ್ಳಿ. ಮೆಥನಾಲ್ ಗಾಳಿಯಲ್ಲಿರೋ ತೇವ ಹೀರುತ್ತೆ, ಅದಕ್ಕೇ ನೈಟ್ರೋ ಡಬ್ಬಿ ಮುಚ್ಚಳ ತೆಗೆದಿಡಬಾರದು. ಇವತ್ತು ನಮ್ಮ ಪೆಟ್ರೋಲ್‌ಗೂ ಅದೇ ಗುಣ ಬಂದಿದೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಲ್ಲೇ. ಅದರ ಲಾಭ ನಷ್ಟದ ಚರ್ಚೆ ಬೇರೆ. ಆದರೆ ದಿನಾ ಓಡೋ ಬೈಕಿಗೂ, ನಾಲ್ಕು ತಿಂಗಳು ಗೋಡೆ ಮೇಲೆ ನೇತಾಡೋ ಮಿಷನ್‌ಗೂ ವ್ಯತ್ಯಾಸ ಇದೆ. ನಿಂತ ಪೆಟ್ರೋಲ್‌ನಲ್ಲಿ ಎಥನಾಲ್ ನೀರು ಹೀರುತ್ತೆ, ನೀರು ಹೆಚ್ಚಾದ್ರೆ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತೆ. ಕಾರ್ಬುರೇಟರ್‌ನ ಹಳೇ ರಬ್ಬರ್ ಪೊರೆಗೂ ಎಥನಾಲ್ ಒಳ್ಳೇದಲ್ಲ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ನಿಲ್ಲೋ ತನಕ ಓಡಿಸಿ ಇಡಿ. ಅರ್ಧ ರಿಪೇರಿ ಅಲ್ಲೇ ಉಳಿಯುತ್ತೆ.

ಆಯಿಲ್ ಅಳತೆನೂ ಇಲ್ಲೇ ಬರುತ್ತೆ. 50ಕ್ಕೆ 1 ಅಂದ್ರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ., 25ಕ್ಕೆ 1 ಅಂದ್ರೆ 40 ಮಿ.ಲೀ. ನಿಮ್ಮ ಮಿಷನ್‌ಗೆ ಯಾವುದು ಅನ್ನೋದು ಅದರ ಕೈಪಿಡಿಯಲ್ಲಿರುತ್ತೆ. "ಒಂದು ಮುಚ್ಚಳ ಹಾಕು" ಅನ್ನೋ ಲೆಕ್ಕದಲ್ಲಿ ಕಡಿಮೆ ಬಿದ್ರೆ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಆಗ ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನ ಇಲ್ಲ.

ಎರಡನೇದು ಕಿಡಿ. ವೀಡ್ ಕಟರ್ ಪ್ಲಗ್ಗನ್ನ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನ ಇಂಜಿನ್‌ಗೆ ತಾಗಿಸಿ ಹಗ್ಗ ಎಳೆದರೆ ಕಿಡಿ ಕಾಣಬೇಕು (ಚೆಲ್ಲಿದ ಪೆಟ್ರೋಲ್ ಒರೆಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಮಾಡಿ ಮಾರಾಯ್ರೆ!). ನೈಟ್ರೋದಲ್ಲಿ ಕಿಡಿಯೇ ಇಲ್ಲ, ಇರೋದು ಗ್ಲೋ ಪ್ಲಗ್. ಸುಮಾರು 1.5 ವೋಲ್ಟ್ ಕೊಟ್ಟರೆ ಅದರ ಪ್ಲಾಟಿನಂ ತಂತಿ ಕೆಂಡದ ಹಾಗೆ ಹೊಳೆಯಬೇಕು. ಒಮ್ಮೆ ಓಡೋಕೆ ಶುರುವಾದ್ರೆ ಬ್ಯಾಟರಿ ಬೇಡ, ಮೆಥನಾಲ್ ಆವಿ ತಾಗ್ತಾ ತಂತಿ ತಾನೇ ಕೆಂಪಗಿರುತ್ತೆ. ಮಸುಕಾಗಿ ಹೊಳೆದ್ರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಪ್ಲಗ್. ಮೆಥನಾಲ್ ವಿಷ, ಹಗಲು ಬೆಳಕಲ್ಲಿ ಅದರ ಜ್ವಾಲೆ ಕಾಣೋದೂ ಇಲ್ಲ. ಮಕ್ಕಳನ್ನ ದೂರ ಇಡಿ.

ಮೂರನೇದು ಉಸಿರು. ಏರ್ ಫಿಲ್ಟರ್ ತುಂಬಾ ಧೂಳು ಕೂತಿದ್ರೆ ಇಂಜಿನ್ ಮೂಗು ಕಟ್ಟಿದ ಹಾಗೆ. ಸೈಲೆನ್ಸರ್ ಬಾಯಲ್ಲಿ ಮಸಿ ಕಟ್ಟಿದ್ರೂ ಅಷ್ಟೇ, ಒಳಗೆ ಎಳೆದದ್ದು ಹೊರಗೆ ಹೋಗಬೇಕಲ್ಲ.

ನಾಲ್ಕನೇದು ಕಂಪ್ರೆಷನ್. ಹಗ್ಗ ನಿಧಾನಕ್ಕೆ ಎಳೆದಾಗ ಒಂದು ಕಡೆ ಬಿಗಿಯಾಗಬೇಕು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂದ್ರೆ ರಿಂಗೋ ಸಿಲಿಂಡರೋ ಸವೆದಿದೆ. ನೈಟ್ರೋ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ರಿಂಗೇ ಇರಲ್ಲ. ಮೇಲಕ್ಕೆ ಹೋಗ್ತಾ ಕಿರಿದಾಗೋ ಸಿಲಿಂಡರ್‌ನಲ್ಲಿ ಪಿಸ್ಟನ್ ಬಿಗಿಯಾಗಿ ಕೂರುತ್ತೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಪದೇ ಪದೇ ನಿಂತರೆ ಆ ಬಿಗಿ ಹೋಗಿರಬಹುದು.

ಇಷ್ಟೂ ಸರಿ ಇದ್ದರೆ ಈಗ ಎತ್ತಿಕೊಳ್ಳಿ ಸ್ಕ್ರೂ ಡ್ರೈವರ್. ಮೊದಲು ಸ್ಕ್ರೂ ಪೂರ್ತಿ ಕೂರೋ ತನಕ ಮೆತ್ತಗೆ ಎಷ್ಟು ಸುತ್ತು ಹೋಗುತ್ತೆ ಅಂತ ಎಣಿಸಿ ಬರೆದಿಟ್ಟುಕೊಂಡು, ವಾಪಸ್ ಅಲ್ಲಿಗೇ ತನ್ನಿ. ಆಮೇಲೆ ಒಂದು ಸಲಕ್ಕೆ ಒಂದೇ ಸ್ಕ್ರೂ, ಎಂಟನೇ ಒಂದು ಸುತ್ತು ಮಾತ್ರ. ಓಡಿಸಿ, ಕೇಳಿ, ಮತ್ತೆ ತಿರುಗಿಸಿ. ಹೊಗೆಯೇ ಇಲ್ಲದೆ ಕೀರಲು ದನಿಯಲ್ಲಿ ಜೋರಾಗಿ ಓಡ್ತಿದ್ರೆ ಖುಷಿ ಪಡಬೇಡಿ. ಅದು ಇಂಧನ ಸಾಲದೆ ಕಾಯ್ತಾ ಇರೋ ಇಂಜಿನ್.

"ಅನುಭವ ಇರೋ ಮೆಕ್ಯಾನಿಕ್‌ಗೆ ಇದೆಲ್ಲ ಬೇಕಾ? ಸದ್ದು ಕೇಳಿಯೇ ಹೇಳ್ತಾನೆ" ಅನ್ನೋರಿದ್ದಾರೆ. ನಿಜ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರ ತನಕ ಟೂ ಸ್ಟ್ರೋಕ್ ಬೈಕ್ ಮಾಡಿದ ನಾಡು ನಮ್ಮದು. ಜಾವಾ, ಯೆಜ್ಡಿ ಓಡಿಸಿದ ನಮ್ಮಪ್ಪಂದಿರ ಕಾಲದವರು ದಾರಿ ಮಧ್ಯೆ ಪ್ಲಗ್ ಬಿಚ್ಚಿ, ಉಜ್ಜಿ, ಮತ್ತೆ ಹಾಕಿ ಹೊರಡ್ತಿದ್ರು. ಆದರೆ ಆ ಮೆಕ್ಯಾನಿಕ್ ಕ್ರಮ ಬಿಟ್ಟಿಲ್ಲ, ಕ್ರಮ ಅವನ ಕಿವಿಯೊಳಗೆ ಇಳಿದಿದೆ ಅಷ್ಟೇ. ಟೂ ಸ್ಟ್ರೋಕ್ ಬೈಕ್‌ಗಳು ರಸ್ತೆಯಿಂದ ಮರೆಯಾದ ಹಾಗೆ ಆ ಕಿವಿಗಳೂ ಕಡಿಮೆಯಾಗ್ತಿವೆ. ಇಂಜಿನ್ ಮಾತ್ರ ರಸ್ತೆ ಬಿಟ್ಟು ತೋಟಕ್ಕೆ ಬಂದು ಕೂತಿದೆ! ಅಂದ ಹಾಗೆ ನಮ್ಮ ಸಾಫ್ಟ್‌ವೇರ್‌ನವರೇನೂ ಕಮ್ಮಿಯಿಲ್ಲ. ಬಗ್ ಬಂತು ಅಂದ್ರೆ ಐದು ಕಡೆ ಒಟ್ಟಿಗೇ ಬದಲಾಯಿಸಿ, ಸರಿ ಹೋದ್ರೆ ಯಾವುದರಿಂದ ಸರಿಹೋಯ್ತು ಅಂತಾನೇ ಗೊತ್ತಾಗದೆ ಮನೆಗೆ ಹೋಗೋರು ನಾವು :)

ನನಗೆ ನಿಜವಾಗಿ ಕಾಡೋದು ಬೇರೆ. ಚಿಕ್ಕಪ್ಪನ ಮಿಷನ್ ಜೊತೆ ಬಂದ ಕೈಪಿಡಿಯಲ್ಲಿ ಮುಚ್ಚಳದ ತೂತಿನ ವಿಷಯ ಇತ್ತು, ಚಿತ್ರ ಸಮೇತ. ಆದರೆ ಇಂಗ್ಲಿಷ್‌ನಲ್ಲಿ. ಅದು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಅಟ್ಟದ ಮೇಲಿತ್ತು. ಎರಡು ಸಾಲಿನ ಕನ್ನಡ ಇದ್ದಿದ್ರೆ ಮೂರು ಜನರ ಹತ್ತಿರ ಅಲೆಯೋದು ತಪ್ತಿತ್ತು. ರೈತರಿಗೆ ಇದೆಲ್ಲ ಅರ್ಥ ಆಗಲ್ಲ ಅನ್ನೋ ಮಾತು ಮಾತ್ರ ನನ್ನ ಹತ್ರ ಬೇಡ. ಎಲೆ ಬಣ್ಣ ನೋಡಿ ಗಿಡದ ರೋಗ ಹುಡುಕೋರಿಗೆ ಪ್ಲಗ್ ಬಣ್ಣ ನೋಡೋದು ಯಾವ ಮಹಾ ವಿದ್ಯೆ?

ಅದಕ್ಕೇ ಮೇಲಿನ ನಾಲ್ಕು ಮಾತನ್ನ ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಮಿಷನ್ ನೇತು ಹಾಕೋ ಮೊಳೆಗೆ ಕಟ್ಟಿ ಬಂದಿದ್ದೀನಿ. ಪಕ್ಕದ ತೋಟದವರು ಇನ್ನೆರಡು ಪ್ರತಿ ಕೇಳಿದ್ದಾರೆ. ಕವಿತೆ, ಸಿನಿಮಾ, ಪ್ರವಾಸದ ಬಗ್ಗೆ ನಾವೆಲ್ಲ ಬೇಕಾದಷ್ಟು ಬರೀತೀವಿ, ಬರೆಯೋಣ. ಜೊತೆಗೆ ಪಂಪ್‌ಸೆಟ್, ಪವರ್ ಟಿಲ್ಲರ್, ಔಷಧಿ ಹೊಡೆಯೋ ಮಿಷನ್ ಬಗ್ಗೆ ಗೊತ್ತಿರೋರು ಒಂದೊಂದು ಪುಟ ಕನ್ನಡದಲ್ಲಿ ಬರೆದ್ರೆ ಹೇಗೆ? ಏನಂತೀರಿ?