ಹಳೇ ಸೇತುವೆಗೂ ಬೇಕು ಮೇಂಟೆನೆನ್ಸ್

ಆಲೆಟ್ಟಿ ಕಡೆಯವರಿಗೆ ಸೇತುವೆಯ ಬೆಲೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಪಯಸ್ವಿನಿ ತುಂಬಿದರೆ ಆಚೆ ದಡ ಬೇರೆ ದೇಶವೇ. ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಕಟ್ಟಿದ ತೂಗುಸೇತುವೆಯನ್ನು ಜನ ಇವತ್ತಿಗೂ ನೆನೆಯುತ್ತಾರೆ. ಆದರೆ ಕಟ್ಟಿದ ಸೇತುವೆಯನ್ನು ಆಮೇಲೆ ನೋಡಿಕೊಳ್ಳುವವರು ಯಾರು ಅಂತ ನಾವು ಕೇಳುವುದು ಕಮ್ಮಿ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ. ಸೇತುವೆಗೆ ಆಗಿದ್ದು ಸುಮಾರು 40 ವರ್ಷ. ಈಗ ದೊಡ್ಡ ಸೇತುವೆಗಳನ್ನು 100 ವರ್ಷದ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ.

ಹಾಗಾದ್ರೆ ಕಾಂಕ್ರೀಟಿಗೆ ಬೇಗ ಮುಪ್ಪು ಬರೋದು ಯಾಕೆ? ಮುಖ್ಯ ಕಾರಣ ಒಳಗಿನ ಕಬ್ಬಿಣ. ಕಾಂಕ್ರೀಟಿನ ಕ್ಷಾರಗುಣ ಅದನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್, ಕಡಲ ಬದಿಯಲ್ಲಾದರೆ ಉಪ್ಪು, ನಿಧಾನವಾಗಿ ಒಳಗಿಳಿದು ಆ ಕಾವಲನ್ನು ಮುರಿಯುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸೀಳಿನಲ್ಲಿ ಮತ್ತೆ ನೀರು. ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ನೀರಿಗೇನು ಬರ?

ಸಮಯಕ್ಕೆ ಸರಿಯಾಗಿ ಹಿಡಿದರೆ ಔಷಧಿ ಇದೆ. ಸಡಿಲ ಕಾಂಕ್ರೀಟ್ ಕೆತ್ತಿ, ತುಕ್ಕು ಉಜ್ಜಿ, ಪಾಲಿಮರ್ ಗಾರೆ ತುಂಬುತ್ತಾರೆ. ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್. ಬಲ ಸಾಲದ ತೊಲೆಗೆ ಕಾರ್ಬನ್ ಫೈಬರ್ ಹಾಳೆ ಅಂಟಿಸುತ್ತಾರೆ. ಕಂಬಕ್ಕೆ ಸುತ್ತಲೂ ಹೊಸ ಕಾಂಕ್ರೀಟಿನ ಕವಚ. ತೊಲೆ ಮತ್ತು ಕಂಬದ ನಡುವಿನ ಬೇರಿಂಗ್ ಸವೆದರೆ, ಜಾಕ್ ಕೊಟ್ಟು ಸೇತುವೆ ಎತ್ತಿ ಬದಲಾಯಿಸುತ್ತಾರೆ. 2021ರ ಜೂನ್‌ನಲ್ಲಿ ಮಂಗಳೂರು ಬಳಿಯ ಮರವೂರು ಸೇತುವೆಯ ಕಂಬ ಕುಸಿದಾಗಲೂ ಜಾಕ್‌ಗಳಿಂದ ಎತ್ತಿಯೇ ಸರಿಮಾಡಿದ್ದು. ಒಂದು ಮಾತು ನೆನಪಿರಲಿ: ಬುಡದ ಹೊಯ್ಗೆ ಕೊಚ್ಚಿಹೋದರೆ ಮೇಲಿನ ಯಾವ ರಿಪೇರಿಯೂ ನಿಲ್ಲದು.

ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ ಹೊಸ ಫೀಚರಿಗೆ ಕೇಕ್ ಕತ್ತರಿಸ್ತಾರೆ, ಹಳೇ ಕೋಡ್ ಸರಿಮಾಡಿದವರಿಗೆ ಚಪ್ಪಾಳೆಯೂ ಇಲ್ಲ. ಸೇತುವೆ ಕಥೆಯೂ ಅಷ್ಟೇ. ಹೊಸದಕ್ಕೆ ಉದ್ಘಾಟನೆ, ಫ್ಲೆಕ್ಸ್. ನೀರು ಹೋಗುವ ಪೈಪಿನ ಮಣ್ಣು ತೆಗೆಸಿದ್ದಕ್ಕೆ ಯಾರು ರಿಬ್ಬನ್ ಕತ್ತರಿಸ್ತಾರೆ? ಆ ಪೈಪ್ ಕಟ್ಟಿಕೊಂಡರೇ ನೀರು ನಿಂತು ರೋಗ ಶುರುವಾಗೋದು.

ಮುಂದಿನ ಸಲ ಊರಿಗೆ ಹೋದಾಗ, ಮಳೆಗೆ ಮೊದಲು, ದಿನಾ ದಾಟುವ ಸೇತುವೆಯನ್ನು ದಡದಿಂದ ಸ್ವಲ್ಪ ನೋಡಿ. ಸಂದಿಯಲ್ಲಿ ಗೋಳಿ ಗಿಡ, ಕೆಂಪು ತುಕ್ಕಿನ ಗೆರೆ, ಹೊರಬಂದ ಕಬ್ಬಿಣ ಕಂಡರೆ ಫೋಟೋ ತೆಗೆದು ಪಂಚಾಯತಿಗೋ ಲೋಕೋಪಯೋಗಿ ಇಲಾಖೆಗೋ ಬರೆದು ಕೊಡಿ. ಸ್ಟೇಟಸ್‌ಗೆ ಹಾಕೋದು ಆಮೇಲೆ.