ಕಾಯ್ದೆಯಾದ ಮೇಲೆ

ಗಾಡಿಗೆ ಮಿತಿಮೀರಿ ಹೇರು ಹೇರಿ ಎತ್ತನ್ನು ಬಡಿದವನು ಮೊದಲ ಸಲ ಸಿಕ್ಕಿಬಿದ್ದರೆ, 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅವನು ತೆರಬೇಕಾದ ದಂಡ 10ರಿಂದ 50 ರೂಪಾಯಿ. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿ, ಬೆನ್ನುಬಿದ್ದು ತರಿಸಿದ ಕಾಯ್ದೆ ಇದು. ಶಿಕ್ಷೆ ಬಿಗಿಯಾಗಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತು. 2022ರಲ್ಲಿ ಕೇಂದ್ರವು ತಿದ್ದುಪಡಿಯ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು.

ಮಸೂದೆಗಾಗಿ ಬೀದಿಗಿಳಿಯುವ ನಾವು, ಅದು ಕಾಯ್ದೆಯಾದ ಮೇಲೆ ಏನು ಮಾಡಿತೆಂದು ವಿಚಾರಿಸುವುದಿಲ್ಲ. ಕಂಬಳವನ್ನೇ ನೋಡಿ. ಸುಪ್ರೀಂ ಕೋರ್ಟಿನ ಅದೇ 2014ರ ತೀರ್ಪಿನ ನಂತರ ಕೋಣ ಓಡುವ ಕರೆಗಳು ಬಿಕೋ ಎಂದವು, ಕರಾವಳಿ ಕೆರಳಿತು, 2017ರಲ್ಲಿ ನಮ್ಮ ವಿಧಾನಮಂಡಲ ತಿದ್ದುಪಡಿ ತಂದು, ಕೋಣಗಳಿಗೆ ಅನಗತ್ಯ ನೋವಾಗಬಾರದೆಂಬ ಷರತ್ತಿನ ಮೇಲೆ ಕಂಬಳಕ್ಕೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು, ಷರತ್ತುಗಳ ಕಟ್ಟುನಿಟ್ಟಿನ ಪಾಲನೆಯನ್ನು ಜಿಲ್ಲಾಡಳಿತದ ಹೆಗಲಿಗೆ ಹಾಕಿತು. ಅಲ್ಲಿಗೆ ನಮ್ಮ ಗದ್ದಲ ನಿಂತಿತು. ಆದರೆ ನಿಜವಾದ ಪರೀಕ್ಷೆ ಪ್ರತಿ ಋತುವಿನಲ್ಲೂ ಕರೆಯಲ್ಲೇ ನಡೆಯುತ್ತದೆ: ಬಾರುಕೋಲು ಎಷ್ಟು ಸಲ ಎದ್ದಿತು, ಪಶುವೈದ್ಯರು ಕೋಣಗಳನ್ನು ಓಟಕ್ಕೆ ಮುಂಚೆ ನೋಡಿದರೋ ಇಲ್ಲವೋ, ಗಾಯವಾದರೆ ಯಾರು ಬರೆದಿಟ್ಟರು? ಕೋಣವನ್ನು ಮನೆಮಗನಂತೆ ಸಾಕುವ ಯಜಮಾನರಿಗೂ ಈ ಲೆಕ್ಕ ಬೇಕು. ಅವರ ಪರವಾಗಿ ಮಾತಾಡುವ ಸಾಕ್ಷಿ ಅದೇ.

ಇಂಥ ಲೆಕ್ಕ ಕೇಳಲು ಬ್ರಿಟನ್ನಿನಲ್ಲಿ 2008ರಿಂದ ಒಂದು ಪದ್ಧತಿಯಿದೆ. ಕಾಯ್ದೆಯಾದ ಮೂರರಿಂದ ಐದು ವರ್ಷದೊಳಗೆ, ಅದು ಹೇಗೆ ನಡೆಯಿತೆಂದು ಇಲಾಖೆ ಸಂಸದೀಯ ಸಮಿತಿಗೆ ವರದಿ ಕೊಡಬೇಕು. 2006ರ ನಿಸರ್ಗ ಮತ್ತು ಗ್ರಾಮೀಣ ಸಮುದಾಯಗಳ ಕಾಯ್ದೆಯನ್ನು ಮೇಲ್ಮನೆಯ ಸಮಿತಿಯೊಂದು ಹೀಗೆಯೇ ಮರಳಿ ಪರಿಶೀಲಿಸಿ, ಜೀವವೈವಿಧ್ಯ ಕಾಯುವ ಕರ್ತವ್ಯ ಕಾಗದದಲ್ಲೇ ಉಳಿದಿದೆ ಎಂದು 2018ರಲ್ಲಿ ಹೇಳಿತು. 2021ರ ಪರಿಸರ ಕಾಯ್ದೆಯಲ್ಲಿ ಆ ಕರ್ತವ್ಯ ಬಿಗಿಯಾಯಿತು. ಎಲ್ಲ ಕಾಯ್ದೆಗಳಿಗೂ ಅಲ್ಲಿ ಇಂಥ ಭಾಗ್ಯ ಸಿಗುವುದಿಲ್ಲ. ಆದರೂ ತಿರುಗಿ ನೋಡುವ ಗಡುವೊಂದಿದೆಯಲ್ಲ!

ಪ್ರಾಣಿ, ಕೆರೆ, ಕಾಡುಗಳ ಮಟ್ಟಿಗಂತೂ ಆ ಗಡುವು ಕಾಯ್ದೆಯ ಒಳಗೇ ಇರಬೇಕು. ಅವು ಅರ್ಜಿ ಹಿಡಿದು ಸದನಕ್ಕೆ ಬರಲಾರವು. ಪ್ರತಿ ಕಂಬಳ ಋತು ಮುಗಿದ ಮೇಲೆ ಜಿಲ್ಲಾಡಳಿತದ ವರದಿಯನ್ನು ವಿಧಾನಮಂಡಲದ ಮುಂದಿಡಿ ಎಂದು ಸರ್ಕಾರವನ್ನು ಒತ್ತಾಯಿಸುತ್ತೇವೆ. ಕರೆಯ ಬದಿಯಲ್ಲಿ ನಿಂತು ನೋಡಿದ ಓದುಗರು, ಕಂಡದ್ದನ್ನು ದಯವಿಟ್ಟು ನಮಗೆ ಬರೆಯಿರಿ.